ನನ್ನ ಪಾಲಿನ ತಪ್ಪು

ಟೀಚರಮ್ಮನ ಕಾಲು ಮುರಿದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಒಂದು ಮಾತನ್ನು ನಂಬಿಸುವುದಕ್ಕೆ ಆರು ವಾರ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ್ದೇನೆ. ಉಳಿದವರಿಗೆಲ್ಲ ತಾವು ತಪ್ಪು ಮಾಡಿಲ್ಲ ಎಂದು ತೋರಿಸಿಕೊಳ್ಳುವ ಪಾಡು. ನನಗೆ ಮಾಡಿದ್ದೇನೆ ಎಂದು ತೋರಿಸಿಕೊಳ್ಳುವ ಪಾಡು. ಹಣೆಬರಹ ಅಂದರೆ ಇದೇ ಇರಬೇಕು.

ನಾನು ಲಿಫ್ಟ್ ಮೆಕ್ಯಾನಿಕ್. ನನ್ನ ಜೋಡಿ ಹೆಗಲು. ಅದು ಅವನ ಹೆಸರಲ್ಲ, ಶಾಲೆಯಲ್ಲಿ ಬಿದ್ದ ಅಡ್ಡಹೆಸರು. ಈಗ ಅವನ ಹೆಂಡತಿಯೂ ಅದೇ ಹೆಸರು ಹಿಡಿದು ಬೈಯುತ್ತಾಳೆ. ಅವನ ಹೆಂಡತಿ ಅಂದರೆ ನನ್ನ ಒಡಹುಟ್ಟಿದ ತಂಗಿ. ಹೆಗಲೂ ನಾನೂ ಎಂಟು ವರ್ಷ ಒಂದೇ ಆಶ್ರಮಶಾಲೆಯಲ್ಲಿ ಪಕ್ಕಪಕ್ಕದ ಚಾಪೆಗಳಲ್ಲಿ ಮಲಗಿದವರು. ಹದಿನೆಂಟು ವರ್ಷದಿಂದ ಒಂದೇ ಕಂಪನಿಯಲ್ಲಿ ಒಂದೇ ಸಾಮಾನಿನ ಪೆಟ್ಟಿಗೆ ಹೊರುತ್ತಿದ್ದೇವೆ. ಹೊರುತ್ತಿದ್ದೇವೆ ಅನ್ನುವುದೂ ಸುಳ್ಳೇ. ಪೆಟ್ಟಿಗೆ ಯಾವಾಗಲೂ ಅವನೇ ಹೊರುವುದು. ನಾನು ಕೈ ಹಾಕುವಷ್ಟರಲ್ಲಿ ಎತ್ತಿಬಿಟ್ಟಿರುತ್ತಾನೆ.

ಶಾಲೆಯ ಕತೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ಅಮ್ಮ ನನ್ನನ್ನು ಅಲ್ಲಿ ಬಿಟ್ಟಳು. ಒಳ್ಳೆಯ ಶಾಲೆ, ಅದರಲ್ಲಿ ಎರಡು ಮಾತಿಲ್ಲ. ಯಾರೂ ಹೊಡೆಯುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ಬಿಳಿ ಗೋಡೆ, ಬಿಳಿ ಬಟ್ಟೆ, ಸಾಲಾಗಿ ಬಿಟ್ಟ ಚಪ್ಪಲಿ. ಅಲ್ಲಿ ನನ್ನ ಮೈಗೆ ಹತ್ತಿದ್ದು ಎರಡೇ ನಿಯಮ. ಉಳಿದ ನೂರು ನಿಯಮಗಳನ್ನು ಗೇಟು ದಾಟಿದ ದಿನವೇ ಮರೆತೆ.

ಒಂದು, ಗಂಟೆ. ದಿನದಲ್ಲಿ ಯಾವಾಗ ಬೇಕಾದರೂ ಗಂಟೆ ಹೊಡೆಯುತ್ತಿದ್ದರು. ಹೊಡೆದ ಕೂಡಲೇ ಕೈ ನಿಲ್ಲಬೇಕು. ಬರೆಯುತ್ತಿದ್ದ ಅಕ್ಷರ ಅರ್ಧದಲ್ಲಿದ್ದರೂ, ತುತ್ತು ಬಾಯಿಯ ಹತ್ತಿರ ಬಂದಿದ್ದರೂ ನಿಲ್ಲಬೇಕು. ಕಣ್ಣು ಮುಚ್ಚಿ ಇಪ್ಪತ್ತು ಉಸಿರು ಎಣಿಸಬೇಕು. ಅಷ್ಟರಲ್ಲಿ ಮನಸ್ಸು ಒರೆಸಿದ ಸ್ಲೇಟಿನ ಹಾಗೆ ಆಗಿರಬೇಕು. ನಮ್ಮದು ಆಗಿಯೂ ಬಿಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅದರ ಸುಖವೇ ಬೇರೆ.

ಇನ್ನೊಂದು, ಏಳುವುದು. ಎಲ್ಲಾದರೂ ಏನಾದರೂ ತಪ್ಪು ನಡೆದ ದಿನ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ದೊಡ್ಡ ಗುರುಗಳು ಮೆಲ್ಲಗೆ "ಯಾರದು?" ಎಂದು ಕೇಳುತ್ತಿದ್ದರು. ಅಷ್ಟೇ. ಆಮೇಲೆ ಮೌನ. ಯಾರಾದರೂ ಎದ್ದು ನಿಲ್ಲುವವರೆಗೆ ನೂರಿಪ್ಪತ್ತು ಹುಡುಗರೂ ಕೂತೇ ಇರಬೇಕು, ಊಟವಿಲ್ಲ. ಎದ್ದವನನ್ನು ನೀನೇ ಮಾಡಿದ್ದಾ ಎಂದು ಯಾರೂ ಕೇಳುತ್ತಿರಲಿಲ್ಲ. ಎದ್ದರೆ ಮುಗಿಯಿತು, ತಪ್ಪು ಅವನದು. ಏಳು ದಿನ ಮೌನ, ಏಳು ದಿನ ಅಂಗಳ ಗುಡಿಸುವುದು. ಎಂಟನೆಯ ದಿನ ಗುರುಗಳು ಎಲ್ಲರೆದುರು ಅವನ ಹಣೆಗೆ ತಮ್ಮ ಹಣೆ ತಾಗಿಸುತ್ತಿದ್ದರು. "ತಪ್ಪಿಗೆ ಹೆಸರಿಲ್ಲ ಮಕ್ಕಳೇ, ಅದಕ್ಕೆ ಹೊರುವ ಹೆಗಲು ಮಾತ್ರ ಬೇಕು" ಎನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಶಾಲೆಯಲ್ಲಿ ಹಾಗೆ ಕೂಗಿದ್ದರೆ ಕದ್ದವನೊಬ್ಬನನ್ನು ಬಿಟ್ಟು ಉಳಿದ ನೂರಹತ್ತೊಂಬತ್ತು ಮಂದಿಯೂ ಮುಟ್ಟಿಕೊಳ್ಳುತ್ತಿದ್ದರು.

ನನಗೆ ಹನ್ನೊಂದು ವರ್ಷ. ಮಾಳಿಗೆಯ ನೀರಿನ ತೊಟ್ಟಿಯಲ್ಲಿ ಕಾಗದದ ದೋಣಿ ಬಿಡಲು ಹೋಗಿ, ತಳದ ಬಿರಡೆ ಕಿತ್ತುಬಿಟ್ಟೆ. ಬೆಳಗಾಗುವಷ್ಟರಲ್ಲಿ ಇಡೀ ಹಾಸ್ಟೆಲಿಗೆ ಹನಿ ನೀರಿಲ್ಲ. ಸಂಜೆ "ಯಾರದು?" ಬಂತು. ಏಳಬೇಕೆಂದು ಎಡಗೈ ನೆಲಕ್ಕೆ ಊರಿದ್ದೆ, ಮಂಡಿ ಎತ್ತಿದ್ದೆ, ದೇವರಾಣೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇವನು ಎದ್ದು ನಿಂತ. ನಾನು ಬಿರಡೆ ಕಿತ್ತದ್ದನ್ನು ಅವನು ನೋಡಿಯೂ ಇರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ನಾನು ಉಪ್ಪು ತಿಂದೆ, ನೀರು ಅವನು ಕುಡಿದ.

ಮೊದಲು ಆದದ್ದು ಸಂತೋಷವೇ. ಬದುಕಿದೆಯಾ ಬಡಜೀವ ಅಂದುಕೊಂಡೆ. ಮೂರನೆಯ ದಿನದ ಹೊತ್ತಿಗೆ ಅವನು ಬಾಯಿ ಮುಚ್ಚಿಕೊಂಡು ಅಂಗಳ ಗುಡಿಸುವುದನ್ನು ನೋಡಿ ಮೈ ಉರಿಯತೊಡಗಿತು. ತಡೆಯದೆ ದೊಡ್ಡ ಗುರುಗಳ ಕೋಣೆಗೆ ಹೋಗಿ ನಾನೇ ಮಾಡಿದ್ದು ಅಂದೆ. ಅವರು ನಕ್ಕು, ಅವನು ಹೊತ್ತಾಯಿತಲ್ಲ, ಈಗ ನೀನು ಎದ್ದರೆ ಅದು ಅಹಂಕಾರ, ಹೋಗಿ ಓದಿಕೋ ಎಂದರು. ಎಂಟನೆಯ ದಿನ ಅವನ ಹಣೆಗೆ ಹಣೆ ತಾಗಿಸಿದರು. ಅವತ್ತಿನಿಂದ ಅವನು ಹೆಗಲು. ಆಮೇಲೆ ನನ್ನ ಇನ್ನೂ ನಾಲ್ಕು ತಪ್ಪುಗಳನ್ನು ಅವನು ಹೊತ್ತ. ನನ್ನ ಹಣೆಗೆ ಯಾರ ಹಣೆಯೂ ತಾಗಲಿಲ್ಲ.

ದೊಡ್ಡವರಾದ ಮೇಲೆ ಅವನಿಗೆ ಹೆಣ್ಣು ಹುಡುಕುವಾಗ ನಾನೇ ಮುಂದೆ ನಿಂತು ತಂಗಿಯನ್ನು ಕೊಡಿಸಿದೆ. ಬಂಗಾರದಂಥ ಹುಡುಗ ಅಂದೆ. ಒಳಗೊಳಗೆ ಭಾರ ಇಳಿಸಿಕೊಳ್ಳುವ ಆಸೆ ಇತ್ತೋ ಏನೋ. ಮದುವೆಯಾದ ಮೂರು ತಿಂಗಳಿಗೆ ತಂಗಿ ಬಂದು ಅತ್ತಳು. ಏನಮ್ಮಾ, ಹೊಡೆಯುತ್ತಾನಾ ಎಂದು ಕೇಳಿದರೆ, ಜಗಳವನ್ನೇ ಆಡುವುದಿಲ್ಲ ಅಂದಳು. ಹಾಲು ಉಕ್ಕಿದರೆ ನನ್ನದೇ ತಪ್ಪು ಎನ್ನುತ್ತಾನಂತೆ, ಮನೆಯಲ್ಲೇ ಇಲ್ಲದಿದ್ದರೂ. ಇವಳು ಬಟ್ಟಲು ಒಡೆದರೆ, ಅಂಚಿನಲ್ಲಿ ಇಟ್ಟವನು ನಾನಲ್ಲವಾ ಎನ್ನುತ್ತಾನಂತೆ. ಗೋಡೆಯ ಜೊತೆ ಗುದ್ದಾಡಿದ ಹಾಗೆ, ಕೈ ನೋಯುವುದು ನನ್ನದೇ ಎಂದಳು.

ಇನ್ನು ಆ ದಿನದ ಮಾತು. ಆರು ಮಹಡಿಯ ಹಳೇ ಕಟ್ಟಡ, ತಿಂಗಳಿಗೊಮ್ಮೆ ಲಿಫ್ಟ್ ನೋಡುವ ಕೆಲಸ. ಹೆಗಲು ಲಿಫ್ಟಿನ ನೆತ್ತಿಯ ಮೇಲೆ ಕೂತು ಬಾಗಿಲುಗಳ ಬೀಗ ನೋಡುತ್ತಿದ್ದ, ನಾನು ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿದ್ದೆ. ಯಾವ ಮಹಡಿಯ ಬಾಗಿಲು ತೆರೆದಿದ್ದರೂ ಲಿಫ್ಟ್ ಅಲುಗಾಡಬಾರದು, ಅದು ಅದರ ಪ್ರಾಣ. ಪರೀಕ್ಷೆ ಮಾಡುವಾಗ ಮಾತ್ರ, ಬಾಗಿಲು ತೆರೆದೇ ಓಡಿಸಬೇಕಾದ್ದರಿಂದ, ಪ್ಯಾನಲ್ಲಿನಲ್ಲಿ ಗೇಣುದ್ದದ ಒಂದು ಕೆಂಪು ವೈರು ಸಿಕ್ಕಿಸುತ್ತೇವೆ. ಕೆಲಸ ಮುಗಿದ ಕೂಡಲೇ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಸಿಕ್ಕಿಸಿದವನೇ ಕೀಳಬೇಕು. ಮಗ್ಗಿಗಿಂತ ಮೊದಲು ನಮಗೆ ಕಲಿಸುವ ಪಾಠ ಅದು.

ಕೀಳಲೆಂದು ನಾನು ಕೈ ಚಾಚಿದ್ದೆ. ಬೆರಳು ಕ್ಲಿಪ್ಪಿಗೆ ತಾಗಿತ್ತು. ಅಷ್ಟರಲ್ಲಿ ಎದುರು ರಸ್ತೆಯ ಯಾವುದೋ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಎಲೆಕ್ಟ್ರಿಕ್ ಬೆಲ್ಲಲ್ಲ, ಹಳೇ ಕಾಲದ ಕಂಚಿನ ಗಂಟೆ. ನನ್ನ ಕೈ ನಿಂತಿತು. ಕಣ್ಣು ತಾನಾಗಿ ಮುಚ್ಚಿತು. ಇಪ್ಪತ್ತು ಉಸಿರು ಎಣಿಸಿದೆ. ಶಾಲೆ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು, ಮೈಗೆ ಅದು ಗೊತ್ತಿರಲಿಲ್ಲ. ಕಣ್ಣು ತೆರೆದಾಗ ಮನಸ್ಸು ಒರೆಸಿದ ಸ್ಲೇಟು. ಪ್ಯಾನಲ್ ಮುಚ್ಚಿದೆ, ಬೀಗ ಹಾಕಿದೆ, ಕೆಳಗಿಳಿದೆ. ಹೆಗಲು, ವೈರು ತೆಗೆದೆಯಾ ಅಂದ. ಹೂಂ ಅಂದೆ. ಸುಳ್ಳು ಹೇಳಲಿಲ್ಲ, ತೆಗೆದಿದ್ದೇನೆ ಎಂದೇ ನಂಬಿದ್ದೆ.

ಅರ್ಧ ಗಂಟೆಯ ಮೇಲೆ ನಾಲ್ಕನೆಯ ಮಹಡಿಯ ಟೀಚರಮ್ಮ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು. ಆರನೆಯ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದರು. ಬಾಗಿಲು ತೆರೆದಿದ್ದಂತೆಯೇ ಲಿಫ್ಟ್ ಮೇಲಕ್ಕೆ ಹೊರಟಿತು. ಅವರು ಹಿಂದಕ್ಕೆ ಬಿದ್ದರು, ಬಲಗಾಲು ಮಂಡಿಯ ಮೇಲೆ ಎರಡು ತುಂಡು. ಪ್ರಾಣ ಉಳಿದದ್ದೇ ಹೆಚ್ಚು. ನಲವತ್ತು ವರ್ಷ ಗಣಿತ ಹೇಳಿಕೊಟ್ಟವರು, ಒಂಟಿ ಜೀವ, ದಿನಾ ಸಂಜೆ ಪಾರ್ಕಿನಲ್ಲಿ ಮೂರು ಸುತ್ತು ನಡೆಯುತ್ತಿದ್ದವರು.

ಮರುದಿನ ಕಂಪನಿಯ ಕಚೇರಿಯಲ್ಲಿ ಫೋರ್‌ಮನ್ ಆ ಕೆಂಪು ವೈರನ್ನು ಮೇಜಿನ ಮೇಲಿಟ್ಟ. ಎಲ್ಲರೂ ಕೂತಿದ್ದೆವು. ಅವನಿಗೆ ನಮ್ಮ ಶಾಲೆಯ ಗಂಧಗಾಳಿಯೂ ಇಲ್ಲ, ಆದರೂ ಅವನ ಬಾಯಿಂದ ಬಂದದ್ದು ಅದೇ ಮಾತು, ಯಾರದು ಇದು ಎಂದು. ನನ್ನ ಕೈ ಕುರ್ಚಿಯ ಹಿಡಿಕೆಗೆ ಹೋಯಿತು. ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು.

"ನಾನೇ ಸರ್," ಅಂದ ಹೆಗಲು. "ತೆಗೆಯೋದು ಮರೆತದ್ದು ನಾನೇ."

ನಾನೂ ಎದ್ದೆ. ಅಲ್ಲ, ನಾನು ಸಿಕ್ಕಿಸಿದ್ದು ಅಂದೆ. ಫೋರ್‌ಮನ್ ನನ್ನ ಭುಜ ತಟ್ಟಿ ಕೂರಿಸಿದ. ತಂಗಿಯ ಗಂಡ ಅಂತ ಕರುಳು ಚುರ್ ಅನ್ನುತ್ತೆ, ನನಗೆ ಅರ್ಥವಾಗುತ್ತೆ, ಆದರೆ ಹೇಳಿಕೆ ಆಗಲೇ ಬರೆದಾಯಿತು ಅಂದ. ಆರು ವಾರದಲ್ಲಿ ಸರ್ಕಾರದ ತನಿಖಾಧಿಕಾರಿ ಬರುತ್ತಾರೆ. ಅಲ್ಲಿಯವರೆಗೆ ಹೆಗಲಿಗೆ ಕೆಲಸವಿಲ್ಲ. ತಪ್ಪು ಅವನದೆಂದು ತೀರ್ಮಾನವಾದರೆ ಲೈಸೆನ್ಸ್ ಜೀವಮಾನಕ್ಕೆ ರದ್ದು.

ಆ ಸಂಜೆ ತಂಗಿಯ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ಅವಳು ತಲೆ ಎತ್ತದೆ ಯಂತ್ರ ತುಳಿಯುತ್ತಿದ್ದಳು. ಹೆಗಲು ನೆಲ ಒರೆಸುತ್ತಿದ್ದ. ಏಳು ದಿನದ ಮೌನ ಹಿಡಿದಿದ್ದಾನಂತೆ, ಮಾರಾಯ! ನಲವತ್ತರ ಹತ್ತಿರದ ಗಂಡಸು, ಕೆಲಸ ಹೋಗಿದೆ, ಬಕೆಟ್ಟು ಇಟ್ಟುಕೊಂಡು ಮಂಡಿಯೂರಿ ಕೂತಿದ್ದಾನೆ, ಮುಖದಲ್ಲಿ ಎಂಥಾ ಶಾಂತಿ. ನನಗೆ ಅವನ ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅಲುಗಾಡಿಸಿಯೂ ಬಿಟ್ಟೆ. ಅದು ನನ್ನ ತಪ್ಪು ಕಣೋ, ನಿನ್ನಪ್ಪನ ಮನೆಯದಾ, ವಾಪಸು ಕೊಡು ಎಂದು ಕೂಗಿದೆ. ಅವನು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದ. ಎಂಟನೆಯ ದಿನ ಮಾತಾಡುತ್ತೇನೆ ಅನ್ನುವ ಹಾಗೆ ಕೈಸನ್ನೆ ಮಾಡಿದ.

ಯಂತ್ರ ನಿಂತಿತು. "ಅಣ್ಣ, ಇವರನ್ನ ತಂದು ಕಟ್ಟಿದ್ದು ನೀನು," ಅಂದಳು ತಂಗಿ. "ನಿಮ್ಮಿಬ್ಬರ ಪುಣ್ಯ ಹಂಚ್ಕೊಂಡು ನನಗೆ ಸಾಕಾಗಿದೆ. ಹೋಗಿ ನಿನ್ನ ತಪ್ಪು ನೀನು ಬಿಡಿಸ್ಕೊಂಡು ಬಾ."

ಎಂಟನೆಯ ದಿನ ಮತ್ತೆ ಹೋದೆ. ಹೆಗಲು ಬಾಯಿ ಬಿಟ್ಟ. ನಾನು ಬೈಯಬೇಕೆಂದು ಸಿದ್ಧವಾಗಿದ್ದೆ, ಅವನೇ ಮೊದಲು ಮಾತಾಡಿದ. "ಯಾರದು ಅಂತ ಕೇಳಿದ ತಕ್ಷಣ ಕಾಲು ಎದ್ದುಬಿಡುತ್ತೆ ಕಣೋ. ನಾನು ಏಳೋದಲ್ಲ. ಕೂತ್ಕೊಂಡೇ ಇದ್ರೆ ಉಸಿರು ಕಟ್ಟುತ್ತೆ. ನಾನೇ ಮಾಡಿದೆ ಅಂತ ಆಮೇಲೆ ನನಗೇ ನಿಜ ಅನ್ನಿಸುತ್ತೆ." ಇಷ್ಟು ಹೇಳಿ ತನ್ನ ಮಂಡಿಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ, ಈಗಲೇ ಯಾರಾದರೂ ಕೇಳಿಬಿಡುತ್ತಾರೇನೋ ಅನ್ನುವ ಹಾಗೆ. ಅಯ್ಯೋ ಪಾಪ ಅನ್ನಿಸಿತು. ಇಪ್ಪತ್ತೈದು ವರ್ಷ ನಾನೊಬ್ಬನೇ ಸಿಕ್ಕಿಬಿದ್ದಿದ್ದೇನೆ ಅಂದುಕೊಂಡಿದ್ದೆ.

ಆದರೂ ಬಿಡಲಿಲ್ಲ. ಫೋರ್‌ಮನ್‌ಗೆ ಬರೆದು ಕೊಟ್ಟೆ. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ನೋಡೋಣ ಅಂದ. ಕಂಪನಿಯ ದೊಡ್ಡ ಕಚೇರಿಗೆ ಹೋದೆ. ಅಲ್ಲಿಯ ಹೆಂಗಸು ನನ್ನ ಕಾಗದ ಓದಿ ಕಣ್ಣೊರೆಸಿಕೊಂಡಳು. ಇಂಥ ಗೆಳೆತನ ಈ ಕಾಲದಲ್ಲಿ ಎಲ್ಲಿದೆ ಅಂದಳು. ಗೆಳೆತನವಲ್ಲಮ್ಮ, ಇದು ನಡೆದ ಸಂಗತಿ ಅಂದರೆ, ಗೊತ್ತು ಗೊತ್ತು ಅಂದಳು. ಬಿಸಿ ತುಪ್ಪ ಅನ್ನುತ್ತಾರಲ್ಲ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನಾನು ಉಗುಳಿದರೂ ಜನ ಅದನ್ನು ಪ್ರಸಾದ ಅನ್ನುತ್ತಿದ್ದರು.

ಕೊನೆಗೆ ಆಸ್ಪತ್ರೆಗೆ ಹೋದೆ. ಟೀಚರಮ್ಮನ ಕಾಲಿಗೆ ಕಬ್ಬಿಣದ ಸರಳು ಹಾಕಿ ಎತ್ತಿ ಕಟ್ಟಿದ್ದರು. ಯಾರು ನೀನು ಅಂದರು. ನಿಂತುಕೊಂಡೇ ಎಲ್ಲ ಹೇಳಿದೆ: ಕೆಂಪು ವೈರು, ಕ್ಲಿಪ್ಪಿಗೆ ತಾಗಿದ ಬೆರಳು, ಗಂಟೆ, ಇಪ್ಪತ್ತು ಉಸಿರು. ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಂದ್ರೆ ನನ್ನ ಕಾಲು ಮುರಿದವನು ನೀನು."

ಹೌದು ಅಂದೆ. ಕಣ್ಣಲ್ಲಿ ನೀರು ಬಂತು. ನಾಚಿಕೆಯಿಂದಲ್ಲ, ಸುಳ್ಳು ಹೇಳಲಾರೆ, ಆನಂದದಿಂದ. ಅವರು ಚೆನ್ನಾಗಿ ಬೈದರು. ಬೇಜವಾಬ್ದಾರಿ, ದಂಡಪಿಂಡ, ಕಣ್ಣು ಮುಚ್ಚುವುದಿದ್ದರೆ ಮನೆಯಲ್ಲಿ ಮುಚ್ಚಬೇಕಿತ್ತು ಅಂದರು. ಬೈಸಿಕೊಂಡು ಇಷ್ಟು ಹಗುರಾಗಿ ನಾನು ಯಾವತ್ತೂ ಹೊರಗೆ ಬಂದಿರಲಿಲ್ಲ. ವಿಚಾರಣೆಗೆ ಬಂದು ಹೇಳುತ್ತೀರಾ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಬರದೆ ಏನು, ಕಾಲು ನನ್ನದು ಅಂದರು.

ವಿಚಾರಣೆಯ ದಿನ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದವನು ನಾನೇ. ಉದ್ದದ ಮೇಜು, ಒಂದು ತುದಿಯಲ್ಲಿ ತನಿಖಾಧಿಕಾರಿ, ಅವರೆದುರು ಪಾರದರ್ಶಕ ಚೀಲದಲ್ಲಿ ಕೆಂಪು ವೈರು. ಅಧಿಕಾರಿ ಮೃದು ಮಾತಿನ ಮನುಷ್ಯ. ಎರಡೂ ಹೇಳಿಕೆಗಳನ್ನು ಓದಿಕೊಂಡಿದ್ದರು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಗಂಟೆಯ ಮಾತನ್ನೂ ಬಿಡಲಿಲ್ಲ. ಅವರು ಪೆನ್ನು ಕೆಳಗಿಟ್ಟು, ಯಾವ ಶಾಲೆ ಎಂದು ಕೇಳಿದರು. ಹೇಳಿದೆ. ಹೇಳಿದ್ದೇ ತಪ್ಪಾಯಿತು. ಅವರ ಮುಖ ಅರಳಿತು. ತಮ್ಮ ಮೊಮ್ಮಗನನ್ನು ಅಲ್ಲಿಗೇ ಸೇರಿಸಬೇಕೆಂದಿದ್ದರಂತೆ. ಅಲ್ಲಿ ಒಬ್ಬರ ತಪ್ಪನ್ನು ಒಬ್ಬರು ಹೊರುತ್ತಾರೆಂದು ಕೇಳಿದ್ದರು, ಕಣ್ಣಾರೆ ನೋಡಿರಲಿಲ್ಲ ಅಂದರು.

ಟೀಚರಮ್ಮ, ಇವನೇ ನನ್ನ ಹತ್ತಿರ ಬಂದು ಒಪ್ಪಿಕೊಂಡವನು ಎಂದು ನನ್ನ ಕಡೆ ಬೆರಳು ಮಾಡಿ ಹೇಳಿದರು. ಅಧಿಕಾರಿ ಗೌರವದಿಂದ ತಲೆಯಾಡಿಸಿ, ಒಪ್ಪಿಕೊಂಡವರು ಇಬ್ಬರಿದ್ದಾರೆ ತಾಯಿ, ಅದೇ ತೊಂದರೆ ಅಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದರು.

"ಕೊನೇ ಸಲ ಕೇಳ್ತೀನಿ. ಯಾರದು?"

ನಾನು ಹೆಗಲಿನ ಮಂಡಿಯ ಮೇಲೆ ಕೈಯಿಟ್ಟು ಅದುಮಿದ್ದೆ. ಅವನೂ ಕೂತೇ ಇರಲು ಒದ್ದಾಡುತ್ತಿದ್ದ, ನನಗೆ ಗೊತ್ತು. ಹಣೆಯಲ್ಲಿ ಬೆವರು ಬಂದಿತ್ತು. ತಂಗಿ ಬೆಳಗ್ಗೆ ಅವನಿಂದ ಮಾತು ತೆಗೆದುಕೊಂಡಿದ್ದಳು. ನಾನು ಎದ್ದೆ. ನನ್ನದು ಅಂದೆ. ಎದ್ದಾಗ ಕೈ ಅವನ ಮಂಡಿಯಿಂದ ಜಾರಿತು. ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು.

ಅಧಿಕಾರಿಯ ತೀರ್ಮಾನ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಹಾಗಿತ್ತು. ಇಬ್ಬರೂ ಒಪ್ಪಿಕೊಂಡಿರುವುದರಿಂದ ತಪ್ಪು ಇಂಥವರದೇ ಎಂದು ಹೇಳಲು ಬರುವುದಿಲ್ಲ. ಯಾರ ಲೈಸೆನ್ಸನ್ನೂ ರದ್ದು ಮಾಡಬೇಕಾಗಿಲ್ಲ. ಇಬ್ಬರಿಗೂ ಎಚ್ಚರಿಕೆ ಸಾಕು. ಫೋರ್‌ಮನ್ ದೊಡ್ಡ ಉಸಿರು ಬಿಟ್ಟ. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಂಗಿಗೆ ಯಾರೋ ಹೋಗಿ ಹೇಳಿದರು, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಧಿಕಾರಿ ಎದ್ದು ಬಂದು ನಮ್ಮಿಬ್ಬರ ಕೈ ಕುಲುಕಿದರು. ಶಾಲೆಯ ವಿಳಾಸ ಬರೆಸಿಕೊಂಡರು. ನಾನೇ ಬರೆದು ಕೊಟ್ಟೆ. ಕೊಡಬೇಡ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು, ಕೈ ಪಿನ್‌ಕೋಡ್ ಸಮೇತ ಬರೆಯಿತು.

ಎಲ್ಲರೂ ಏಳುತ್ತಿದ್ದಾಗ ಟೀಚರಮ್ಮ ಮೇಜು ಕುಟ್ಟಿದರು. ಹಿಂದಿನ ಬೆಂಚಿನವರನ್ನು ಸುಮ್ಮನಾಗಿಸುವ ಆ ಕುಟ್ಟು ನಲವತ್ತು ವರ್ಷದ್ದು, ಎಲ್ಲರೂ ಕೂತರು.

"ಇಬ್ಬರೂ ಒಳ್ಳೆಯವರು, ಸರಿ," ಅಂದರು. "ನನ್ನ ಕಾಲು ಮುರಿದವರು ಯಾರು?"

ಅಧಿಕಾರಿ ವೈರಿನ ಚೀಲವನ್ನು ಫೈಲಿನೊಳಗೆ ಇಟ್ಟರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ನಿಜ. ಮುರಿದದ್ದು ಕಾಲು, ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅವರನ್ನು ಮನೆಗೆ ಮುಟ್ಟಿಸಲು ನಾವಿಬ್ಬರೇ ಹೋದೆವು. ಕಟ್ಟಡದ ಕೆಳಗೆ ಲಿಫ್ಟ್ ನಿಂತಿತ್ತು, ಹೊಸ ಬೀಗ, ಹೊಸ ಚೀಟಿ. ಟೀಚರಮ್ಮ ಅದರ ಕಡೆ ನೋಡಲೂ ಇಲ್ಲ. ಮೆಟ್ಟಿಲು ಅಂದರು. ಹೆಗಲು ಕುರ್ಚಿಯ ಮುಂಭಾಗ ಹಿಡಿದ, ನಾನು ಹಿಂಭಾಗ. ನಾಲ್ಕು ಮಹಡಿ, ಒಂದೊಂದಕ್ಕೆ ಇಪ್ಪತ್ತೆರಡು ಮೆಟ್ಟಿಲು. ಎರಡನೆಯ ಮಹಡಿಯಲ್ಲಿ ಇಳಿಸಿ ಉಸಿರು ತೆಗೆದುಕೊಂಡೆವು. ಅಲ್ಲಿ ಅವರು ಮಾತು ತೆಗೆದರು. ತಮ್ಮ ತರಗತಿಯಲ್ಲಿ ಮಕ್ಕಳು ಎಷ್ಟೋ ಸಲ ಹೆಸರು ಬರೆಯದೆ ಪುಸ್ತಕ ಕೊಡುತ್ತಿದ್ದರಂತೆ. ಹೆಸರಿಲ್ಲದ ಪುಸ್ತಕವನ್ನು ತಾವು ಯಾವತ್ತೂ ತಿದ್ದಲಿಲ್ಲ ಅಂದರು. ಯಾರದೆಂದು ಗೊತ್ತಿಲ್ಲದ ತಪ್ಪನ್ನು ತಿದ್ದಿ ಯಾರಿಗೆ ಕೊಡಲಿ ಎಂದು ಕೇಳಿದರು. ಮತ್ತೆ ಎತ್ತಿದೆವು.

ಮನೆಯ ಬಾಗಿಲಲ್ಲಿ ಕುರ್ಚಿ ಇಳಿಸಿದ ಮೇಲೆ ಅವರು ನನ್ನನ್ನು ಎದುರಿಗೆ ಕರೆದು ನಿಲ್ಲಿಸಿಕೊಂಡರು.

"ನೋಡು, ನಿನ್ನನ್ನ ನಾನು ಕ್ಷಮಿಸಿಲ್ಲ. ಕ್ಷಮಿಸೋದೂ ಇಲ್ಲ. ಕಾಲು ನೆಟ್ಟಗಾಗೋ ತನಕ ದಿನಾ ಸಂಜೆ ಬಂದು ಕೆಳಗಿಳಿಸಿ, ಪಾರ್ಕಲ್ಲಿ ಮೂರು ಸುತ್ತು ಹಾಕಿಸಿ, ಹತ್ತಿಸಿ ಹೋಗ್ಬೇಕು."

ಆಗಲಿ ಅಂದೆ. ಹಿಂದಿನಿಂದ ಹೆಗಲು ಮುಂದೆ ಬಂದ. ನನ್ನದೂ ತಪ್ಪಿದೆ ಅಮ್ಮ, ನಾನೂ ಬರುತ್ತೇನೆ ಅಂದ.

"ಸುಮ್ಮನಿರಪ್ಪ. ನಿನ್ನನ್ನ ಯಾರು ಕೇಳಿದ್ರು?" ಅಂದರು ಟೀಚರಮ್ಮ. "ಇವನೊಬ್ಬನೇ ಬರಲಿ."

ಮೆಟ್ಟಿಲು ಇಳಿಯುವಾಗ ಹೆಗಲು ನನ್ನ ಮುಂದಿದ್ದ. ಎರಡು ಕೈಯೂ ಖಾಲಿ, ಅವುಗಳನ್ನು ಎಲ್ಲಿಡಬೇಕೆಂದು ಅವನಿಗೆ ತೋಚುತ್ತಿರಲಿಲ್ಲ. ಒಮ್ಮೆ ಜೇಬಿಗೆ ಹಾಕಿದ, ಒಮ್ಮೆ ಕಂಬಿ ಹಿಡಿದ. ಮೂರನೆಯ ಮಹಡಿಯಲ್ಲಿ ನಿಂತು, ಒಬ್ಬನ ಕೈಲಿ ಆಗೋದಿಲ್ಲ ಕಣೋ, ಸೊಂಟ ಹೋಗುತ್ತೆ ನಿನ್ನದು ಅಂದ. ಹೋಗಲಿ ಬಿಡು, ನನ್ನ ಸೊಂಟ ಅಂದೆ.

ಮರುದಿನ ಐದು ಗಂಟೆಗೆ ಒಬ್ಬನೇ ಹೋಗಿ ಬಾಗಿಲು ತಟ್ಟಿದೆ. ಯಾರದು ಎಂದು ಒಳಗಿನಿಂದ ಟೀಚರಮ್ಮ ಕೇಳಿದರು. ನಾನು ಅಂದೆ. ಹಿಂದೆ ತಿರುಗಿ ನೋಡಿದೆ, ಮೆಟ್ಟಿಲಲ್ಲಿ ಯಾರೂ ಇರಲಿಲ್ಲ.